ಸದ್ದು ಅಡಗಿದ ಕಡೆ ಬೆಕ್ಕು

ಡೊಂಬಿವಲಿ ಪೂರ್ವ, ಎಂಐಡಿಸಿ
೧೮-೧-೨೦೨೫, ಶನಿವಾರ

ಹರಿಣಾಕ್ಷಿಗೆ, ನಿನ್ನ ಹಳೆಯ ಎದುರುಮನೆಯ ಉಮಾವತಿ ಬರೆಯುವುದು.

ಕ್ಷೇಮ ಸಮಾಚಾರ ಆಮೇಲೆ. ಹೆಸರು ಬಿಟ್ಟರೆ ಮೇಲೆ ಬೇರೇನೂ ಬರೆಯದ ಈ ಲಕೋಟೆ ನಿನ್ನ ಬಾಗಿಲ ಸಂದಿಯಲ್ಲಿ ಹೇಗೆ ನುಸುಳಿತು ಎಂದು ನೀನು ಯೋಚಿಸುತ್ತಿರಬೇಕು. ನಿನ್ನ ಮನೆ ನಂಬರು ನನಗೆ ಈಗಲೂ ಗೊತ್ತಿಲ್ಲ. ಗೊತ್ತಿರುವುದು ಬೆಕ್ಕಿಗೆ. ಹಾಗಾಗಿ ಅದರ ಕಥೆಯಿಂದಲೇ ಶುರು ಮಾಡುತ್ತೇನೆ. ಊರಿನ ಶಾಲೆಯನ್ನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು ನಾನು. ಅಕ್ಷರ ಬೆಕ್ಕು ಕೆರೆದ ಹಾಗಿದ್ದರೆ ನಗಬೇಡ.

ನಮ್ಮ ಮೆಟ್ಟಿಲ ಕೆಳಗೆ ಹುಟ್ಟಿದ ಕೆಂಚು ಮರಿ ನೆನಪಿದೆಯಲ್ಲ? ಮೂರು ವರ್ಷದ ಹಿಂದೆ ನೀನು ಮನೆ ಖಾಲಿ ಮಾಡಿ ಠಾಣೆ ಕಡೆಯ ಕಳವಾಕ್ಕೆ ಹೋದ ಮೇಲೆ ಅದು ಹದಿನೈದು ದಿನ ನಿನ್ನ ಬೀಗ ಹಾಕಿದ ಬಾಗಿಲ ಮುಂದೆಯೇ ಕೂತಿತ್ತು. ಹದಿನಾರನೇ ದಿನ ನಾನು ಎತ್ತಿ ಒಳಗೆ ತಂದೆ. ಹೆಸರೇನಿಡುವುದು ಎಂದು ಮೊಮ್ಮಗಳು ಅಪೇಕ್ಷಾ ಕೇಳಿದಳು. ತುಳುವಿನಲ್ಲಿ ಬೆಕ್ಕಿಗೆ ಏನನ್ನುತ್ತೇವೋ ಅದೇ, ಪುಚ್ಚೆ, ಎಂದೆ. ಬೆಕ್ಕಿಗೆ ನಾಮಕರಣ ಮಾಡಲು ನಾನೇನು ಪುರೋಹಿತರ ಮಗಳೇ?

ಮೂರು ವರ್ಷ ಅದಕ್ಕೆ ಮೊಸರನ್ನ ಕಲಸಿ ಹಾಕಿದೆ, ಮೇಲೆ ಒಂದು ಹನಿ ತುಪ್ಪ. ಉಡುಪಿ ಹೋಟೆಲಿನವರ ಮನೆ ಬೆಕ್ಕು, ಮೀನನ್ನು ಮೂಸಿಯೂ ನೋಡುವುದಿಲ್ಲ ಎಂದು ಬಿಲ್ಡಿಂಗಿನ ಎಲ್ಲರ ಎದುರು ಕೊಚ್ಚಿಕೊಂಡೆ. ಮಗ ವಿಷ್ಣುಮೂರ್ತಿ ತನ್ನ ಹೋಟೆಲಿನ ಗಿರಾಕಿಗಳಿಗೂ ಇದನ್ನು ಹೇಳಿ ನಗಿಸುತ್ತಿದ್ದ.

ಹೋದ ದೀಪಾವಳಿಯಿಂದ ಈ ಸಾಧ್ವಿಯ ವೇಷ ಬಯಲಾಗತೊಡಗಿತು. ಒಂದು ದಿನ ಇಲ್ಲ, ಎರಡು ದಿನ ಇಲ್ಲ. ಮೂರನೇ ದಿನ ಬಂದರೆ ಹೊಟ್ಟೆ ತಂಬಿಗೆಯ ಹಾಗೆ. ಮೊಸರನ್ನ ಮುಂದಿಟ್ಟರೆ ಮೂತಿ ತಿರುಗಿಸಿ ಮೀಸೆ ನೆಕ್ಕಿಕೊಳ್ಳುವುದು. ಎಲ್ಲಿ ತಿನ್ನುತ್ತದೆ, ಯಾರು ಹಾಕುತ್ತಾರೆ? ಇಲ್ಲಿನ ನಾಲೆಯಲ್ಲಿ ಹರಿಯುವ ಕಾರ್ಖಾನೆಯ ನೀರು ನಿನಗೂ ಗೊತ್ತು. ಅದರ ಹತ್ತಿರ ಏನಾದರೂ ತಿಂದು ಸತ್ತರೆ ಎಂದು ಹೆದರಿಕೆ. ಹೆದರಿಕೆಗಿಂತ, ನಿಜ ಹೇಳುತ್ತೇನೆ, ಕುತೂಹಲ ಹೆಚ್ಚು.

ಅಪೇಕ್ಷಾ ಈಗ ಮಹಾಪೆಯ ಒಂದು ಕಂಪನಿಯಲ್ಲಿ ಕರೆಂಟು ಮೀಟರುಗಳ ಪರೀಕ್ಷೆ ಮಾಡುತ್ತಾಳೆ. ಬೆಕ್ಕಿನ ಕೊರಳಿಗೆ ರೇಡಿಯೊ ಕಟ್ಟೋಣ ಎಂದಳು. ಹಾಡು ಕೇಳಲಿಕ್ಕಾ ಎಂದು ಕೇಳಿದೆ. ಹಾಡಲ್ಲವಂತೆ, ಎರಡು ಸೆಕೆಂಡಿಗೊಮ್ಮೆ ಟಿಕ್ ಎನ್ನುವ ಒಂದು ಗುಂಡಿ; ನಮ್ಮ ಕೈಯ ಪೆಟ್ಟಿಗೆಯಲ್ಲಿ ಆ ಟಿಕ್ ಕೇಳಿಸುತ್ತದೆ, ಹತ್ತಿರವಾದರೆ ಜೋರು, ದೂರವಾದರೆ ಸಣ್ಣ. ಫೋನಿನಲ್ಲಿ ಜಾಗ ತೋರಿಸುವಂಥದ್ದು ಕಟ್ಟಬಾರದೇ ಎಂದರೆ ಅದಕ್ಕೆ ಸೆಲ್ಲು ದೊಡ್ಡದು ಬೇಕು, ಪುಚ್ಚೆಯ ಕತ್ತು ಬಾಗೀತು ಎಂದಳು. ಎರಡು ಭಾನುವಾರ ಕೂತು ಅಡಿಕೆಯಷ್ಟು ದೊಡ್ಡ ಗುಂಡಿ ಮಾಡಿದಳು. ಗಡಿಯಾರದ ಸೆಲ್ಲು, ಮಿಡತೆಯ ಮೀಸೆಯಂಥ ತಂತಿ, ಮೇಲೆ ನೀರು ಹೋಗದ ಕಪ್ಪು ಕೊಳವೆ. ಪಟ್ಟಿಗೆ ಬಟ್ಟೆ ಬೇಕೆಂದಾಗ ನನ್ನ ನೀಲಿ ಸೀರೆಯ ಅಂಚು ಕತ್ತರಿಸಿ ಕೊಟ್ಟೆ. ಯಾವ ಸೀರೆ ಎಂದು ನಿನಗೆ ಹೇಳಬೇಕಿಲ್ಲ, ನಾವಿಬ್ಬರೂ ಕಲ್ಯಾಣದ ಒಂದೇ ಅಂಗಡಿಯಲ್ಲಿ ಒಂದೇ ದಿನ ತೆಗೆದುಕೊಂಡದ್ದು.

ಪಟ್ಟಿಯಲ್ಲಿ ಒಂದು ಕಡೆ ಮಾತ್ರ ಹೊಲಿಗೆ ಇಲ್ಲ, ಸಪೂರ ನೂಲಿನ ಗಂಟು. ಬೆಕ್ಕು ಗ್ರಿಲ್ಲಿಗೋ ಬೇಲಿಗೋ ಸಿಕ್ಕಿಕೊಂಡರೆ ಅಲ್ಲಿ ಹರಿದು ಬಿಡಬೇಕಂತೆ. ಇಲ್ಲದಿದ್ದರೆ ಪಟ್ಟಿಯೇ ಉರುಳು.

ದಿಕ್ಕು ಹಿಡಿಯಲು ಅವಳು ತನ್ನ ಅಪ್ಪನ ಉಕ್ಕಿನ ಅಳತೆ ಟೇಪು ಕತ್ತರಿಸಿ, ನೀರಿನ ಪೈಪಿಗೆ ಅಡ್ಡಡ್ಡ ಕಟ್ಟಿ ಆಂಟೆನಾ ಮಾಡಿದಳು. ಅದನ್ನು ಹಿಡಿದು ನಾವಿಬ್ಬರು ರಸ್ತೆಗಿಳಿದೆವು. ನಾನು ಯಾಕೆ ಹೋದೆ ಎಂದರೆ, ದೂರದರ್ಶನದ ಕಾಲದಲ್ಲಿ ನಮ್ಮ ಯಜಮಾನರು ಟೆರೇಸಿನಲ್ಲಿ ಆಂಟೆನಾ ತಿರುಗಿಸುವಾಗ ಕಿಟಕಿಯಿಂದ ಬಂತು, ಹೋಯಿತು ಎಂದು ಕೂಗುತ್ತಿದ್ದವಳು ನಾನೇ. ಆ ವಿದ್ಯೆ ಕಂಪನಿಯವರಿಗೆ ಬರುವುದಿಲ್ಲ.

ಮೊದಲ ದಿನ ಬರೀ ನಗೆಪಾಟಲು. ಟಿಕ್ ಜೋರಾಗಿ ಬಂದ ಕಡೆ ಹೋದರೆ ಕಾರ್ಖಾನೆಯ ತಗಡಿನ ಗೋಡೆ. ಇನ್ನೊಂದು ಕಡೆ ಹೋದರೆ ರಿಕ್ಷಾ ಸ್ಟ್ಯಾಂಡು. ತಗಡಿಗೆ ಬಡಿದು ಸದ್ದು ವಾಪಸು ಬರುತ್ತದೆ ಎಂದು ಅಪೇಕ್ಷಾ ಹೇಳಿದಳು. ಒಬ್ಬಳು ಮರಾಠಿ ಹೆಂಗಸು ತಡೆದು ಯಾವ ಕಂಪನಿಯ ಟವರು ಬರುತ್ತದೆ, ನಮ್ಮ ಬಿಲ್ಡಿಂಗಿಗೆ ಬಾಡಿಗೆ ಸಿಗುತ್ತದಾ ಎಂದು ಕೇಳಿದಳು. ಬೆಕ್ಕಿನ ಟವರು ಎಂದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಮುಂದಿನ ಭಾನುವಾರ ಮತ್ತೆ ಹೊರಟಾಗ ನನಗೆ ಮೊಣಕಾಲೂ ನೋವು, ತಲೆಯೂ ಬಿಸಿ. ಟೇಪಿನ ರೆಕ್ಕೆಯನ್ನು ಕಿತ್ತು ಅವಳ ಕೈಗೆ ಕೊಟ್ಟು, ಗಿಡ್ಡ ತಂತಿ ಮಾತ್ರ ಉಳಿದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮನೆಯ ಕಡೆ ತಿರುಗಿದೆ. ಸದ್ದು ಸತ್ತಿತು. ಕೆಟ್ಟುಹೋಯಿತೇನೋ ಎಂದು ಇತ್ತ ತಿರುಗಿದೆ, ಟಿಕ್. ಅತ್ತ ತಿರುಗಿದೆ, ಇಲ್ಲ. ನಡುರಸ್ತೆಯಲ್ಲಿ ಬುಗುರಿಯ ಹಾಗೆ ಮೂರು ಸುತ್ತು ಹಾಕಿದೆ. ಅಪೇಕ್ಷಾಳ ಕಣ್ಣು ದೊಡ್ಡದಾಯಿತು.

"ಅಜ್ಜಿ, ಹಿಲೋ ಮತ್. ಫಿರ್ ಸೇ ಘೂಮೋ, ಧೀರೇ ಸೇ" ಎಂದಳು. ಅಲ್ಲಾಡಬೇಡ, ಮತ್ತೆ ಮೆಲ್ಲಗೆ ತಿರುಗು ಅಂತೆ. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಬರುವುದಿಲ್ಲ.

ವಿಷಯ ಇಷ್ಟೇ. ನನ್ನ ಮೈ ಆ ಟಿಕ್ಕನ್ನು ತಡೆಯುತ್ತದೆ. ಸದ್ದು ಪೂರ್ತಿ ಅಡಗಿದಾಗ ಬೆಕ್ಕು ನೇರ ನನ್ನ ಬೆನ್ನ ಹಿಂದೆ ಇದೆ ಎಂದರ್ಥ. ಜೋರಾದ ಕಡೆ ಹುಡುಕಿ ಮೋಸ ಹೋದೆವು. ಅಡಗಿದ ಕಡೆ ಹುಡುಕಬೇಕಿತ್ತು. ಎಪ್ಪತ್ತೆರಡು ವರ್ಷ ಸಾಕಿದ ಮೈ ಒಮ್ಮೆ ಉಪಯೋಗಕ್ಕೆ ಬಂತು ನೋಡು. ಅಪೇಕ್ಷಾ ಸಪೂರ, ಅವಳು ತಿರುಗಿದರೆ ಸದ್ದು ಅಷ್ಟು ಚೆನ್ನಾಗಿ ಸಾಯುವುದಿಲ್ಲ.

ಮೂರು ಕಡೆ ನಿಂತು ತಿರುಗಿದೆ. ಅವಳು ಫೋನಿನ ನಕ್ಷೆಯಲ್ಲಿ ಮೂರು ಗೆರೆ ಎಳೆದಳು. ಮೂರೂ ಕೂಡಿದ್ದು ಹಿಟ್ಟಿನ ಗಿರಣಿಯ ಹಿಂದಿನ ಹಳದಿ ಬಿಲ್ಡಿಂಗಿನಲ್ಲಿ. ಕೆಳಗೆ ನಿಂತಾಗ ಟಿಕ್ ಎದೆಗೆ ಬಡಿಯುವಷ್ಟು ಜೋರು. ಎರಡನೇ ಮಹಡಿಯ ಕಿಟಕಿಯಿಂದ ಬಂಗುಡೆ ಮೀನು ಹುರಿಯುವ ವಾಸನೆ. ಆಹಾ ನನ್ನ ಶುದ್ಧ ಸಸ್ಯಾಹಾರಿ! ಅಪೇಕ್ಷಾ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು. ಯಾರ ಮನೆ ಎಂದು ಮೇಲೆ ಹೋಗಿ ಕೇಳೋಣ ಎಂದಳು. ಬೇಡ, ಬೆಕ್ಕು ಬದುಕಿದೆಯಲ್ಲ, ಸಾಕು ಎಂದು ಅವಳನ್ನು ಎಳೆದುಕೊಂಡು ಬಂದೆ. ಆ ಮನೆ ನಿನ್ನದೆಂದು ಆಗ ನನಗೆ ಗೊತ್ತಿರಲಿಲ್ಲ, ದೇವರಾಣೆ.

ಮೊನ್ನೆ ಗುರುವಾರ ಪುಚ್ಚೆ ಮನೆಗೆ ಬಂತು. ಪಟ್ಟಿಯ ನೂಲು ಎಲ್ಲೋ ಹರಿದಿತ್ತು. ಆದರೂ ಪಟ್ಟಿ ಕೊರಳಲ್ಲೇ ಇತ್ತು. ಯಾರೋ ಮತ್ತೆ ಕಟ್ಟಿದ್ದರು, ಒದ್ದೆ ಮಾಡಿದ ಬಾಳೆನಾರಿನಿಂದ. ಎರಡು ಸುತ್ತು, ಒಂದು ಹಿಂಗಂಟು, ತುದಿಯನ್ನು ಕತ್ತರಿಸದೆ ಸುತ್ತಿನೊಳಗೆ ತುರುಕಿದ್ದು. ಡೊಂಬಿವಲಿಯಲ್ಲಿ ಹೂ ಕಟ್ಟುವವರು ನೂರು ಮಂದಿ ಇದ್ದಾರು, ಎಲ್ಲರೂ ನೂಲಿನಲ್ಲಿ ಕಟ್ಟುತ್ತಾರೆ. ಊರಿನಿಂದ ಬಂದ ಮಲ್ಲಿಗೆ ಅಟ್ಟಿ ಬಿಚ್ಚಿ ಆ ಕಟ್ಟಿನ ಬಾಳೆನಾರನ್ನು ಬಿಸಾಡದೆ ಒದ್ದೆ ಬಟ್ಟೆಯಲ್ಲಿ ಸುತ್ತಿಡುವವಳು ಒಬ್ಬಳೇ. ಹನ್ನೊಂದು ವರ್ಷ ನವರಾತ್ರಿಗೆ ನೀನು ಕಟ್ಟಿಕೊಟ್ಟ ಹೂವು ಮುಡಿದವಳು ನಾನು, ಆ ತುದಿ ತುರುಕುವ ಕೈ ನನಗೆ ಗೊತ್ತಾಗದೆ ಹೋದೀತೇ? ಪಟ್ಟಿಯ ನೀಲಿ ಅಂಚು ನಿನಗೆ ಗೊತ್ತಾಗದೆಯೂ ಇರಲಿಕ್ಕಿಲ್ಲ. ಗೊತ್ತಾಗಿಯೂ ಕಟ್ಟಿದೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನೀನು ಕಳವಾದಿಂದ ಯಾವಾಗ ಬಂದೆ, ನಿನ್ನ ಯಜಮಾನರು ತಾರಾನಾಥರು ಹೇಗಿದ್ದಾರೆ, ಯಾರೂ ನನಗೆ ಹೇಳಲಿಲ್ಲ. ಯಾಕೆ ಹೇಳಿಯಾರು? ಮೆಟ್ಟಿಲ ಮೇಲೆ ಬೆಕ್ಕಿಗೆ ಮೀನಿನ ತಲೆ ಹಾಕುತ್ತಾರೆ, ಗಲೀಜು ಎಂದು ಸೊಸೈಟಿಯ ಕಾಗದ ನಿನ್ನ ಮನೆ ಮಾಲೀಕನಿಗೆ ಹೋದದ್ದು, ಅವನು ಅಗ್ರಿಮೆಂಟು ಮುಂದುವರಿಸದೆ ಇದ್ದದ್ದು, ಎಲ್ಲ ಎಲ್ಲರಿಗೂ ಗೊತ್ತು. ಸೆಕ್ರೆಟರಿ ಮರಾಠಿಯಲ್ಲಿ ಬರೆದು ತಂದ ಕಾಗದ, ನನಗೆ ಓದಲು ಬರುವುದಿಲ್ಲ, ಎಲ್ಲರೂ ಹಾಕಿದ ಕಡೆ ನಾನೂ ಸಹಿ ಹಾಕಿದೆ. ತಪ್ಪೇ. ನೀನು ಸಾಮಾನು ಇಳಿಸುವಾಗ ನಾನು ಬಾಗಿಲು ತೆರೆಯಲಿಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು.

ನಾಳೆ ಪಟ್ಟಿಗೆ ಹೊಸ ನೂಲು ಹಾಕಿ ಪುಚ್ಚೆಯನ್ನು ಬಿಡುತ್ತೇನೆ. ಅಪೇಕ್ಷಾ ಪೆಟ್ಟಿಗೆ ಹಿಡಿದು ಹಿಂದೆ ಬಂದು, ಅದು ಯಾವ ಬಾಗಿಲಲ್ಲಿ ನುಗ್ಗುತ್ತದೋ ಅಲ್ಲಿ ಈ ಲಕೋಟೆ ತಳ್ಳುತ್ತಾಳೆ. ನೀನು ಉತ್ತರ ಬರೆಯುವುದು ಬೇಡ. ನೂಲು ಕಿತ್ತು ಬಾಳೆನಾರು ಕಟ್ಟಿ ಕಳಿಸಿದರೆ ನಾನು ಎರಡು ಮಹಡಿ ಹತ್ತಿ ಬರುತ್ತೇನೆ, ಮೊಣಕಾಲು ಏನಾದರೂ ಹೇಳಿಕೊಳ್ಳಲಿ. ನೂಲು ಹಾಗೇ ಇದ್ದರೆ ಅರ್ಥ ಮಾಡಿಕೊಳ್ಳುತ್ತೇನೆ. ಬೆಕ್ಕನ್ನು ಮಾತ್ರ ತಡೆಯುವುದಿಲ್ಲ.

ನಿನ್ನ ಎದುರುಮನೆಯವಳು,
ಉಮಾವತಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಬಿಡಿಸಿ ಬರೆಯುತ್ತಿದ್ದೇನೆ. ಸಹಿಯ ವಿಷಯ ಮೇಲೆ ಬರೆದದ್ದು ಸುಳ್ಳು. ಮೊದಲ ಸಹಿ ನನ್ನದು. ನಾನು ಹೇಳಿದ್ದನ್ನೇ ಸೆಕ್ರೆಟರಿ ಬರೆದದ್ದು. ಮೀನಿನ ವಾಸನೆ ನನಗೆ ಯಾವತ್ತೂ ತೊಂದರೆ ಕೊಟ್ಟದ್ದಲ್ಲ. ನಮ್ಮ ಯಜಮಾನರು ತೀರಿಹೋದ ಮೇಲೆ ನಾನು ದಿನಾ ಹಾಲು ಇಟ್ಟು ಕರೆದರೂ ಆ ಮರಿ ನನ್ನ ಬಾಗಿಲು ದಾಟಿ ನಿನ್ನ ಕಾಲಿಗೇ ಹೋಗಿ ಉಜ್ಜುತ್ತಿತ್ತು, ಅದನ್ನು ಸಹಿಸಲಾಗಲಿಲ್ಲ. ಇದು ಅಪೇಕ್ಷಾಳಿಗೆ ಗೊತ್ತಿಲ್ಲ. ಇದನ್ನು ಓದಿದ ಮೇಲೂ ನಾರು ಕಟ್ಟುವುದಾದರೆ ಕಟ್ಟು.