ತೆಂಡಾಕುಂದಾದ ಶೇಂಗಾ

ಫೆಬ್ರವರಿ 8, ಭಾನುವಾರ

ಮೆಣಸಿನಕಾಯಿ ಮುಗಿದಿತ್ತು. ಮನೆ ಕೆಳಗಿನ ಉಸ್ಮಾನ್ ಅವರ ಅಂಗಡಿಗೆ ಇಳಿದೆ. ಗಲ್ಲಾ ಬಿಟ್ಟು ಎದ್ದು ಬಂದು ಫೋನಿನಲ್ಲಿ ತಮ್ಮ ಊರು ತೋರಿಸಿದರು. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿರುವ ತೆಂಡಾಕುಂದಾ. ಅಗಲವಾದ ಕಂದು ನದಿ, ದಂಡೆಯ ಮೇಲೆ ತಗಡಿನ ಉದ್ದನೆಯ ಗೋದಾಮು. ಬ್ರಿಟಿಷರ ಕಾಲದ್ದು. ಆಗ ಸಮುದ್ರದ ಹಡಗು ನದಿ ಹತ್ತಿ ಅಲ್ಲಿಗೇ ಬಂದು ಶೇಂಗಾ ತುಂಬಿಕೊಂಡು ಹೋಗುತ್ತಿತ್ತಂತೆ. ಅವರ ತಾತ ಹಲಗೆ ದಾಟಿ ಹಡಗಿಗೆ ಮೂಟೆ ಹೊತ್ತವರು. ಆಮೇಲೆ ರಸ್ತೆ ಬಂತು, ಹಡಗು ನಿಂತಿತು, ಗೋದಾಮಿಗೆ ಬೀಗ.

ಈ ಸಲದ ಬೆಳೆಗೆ ಬೀಗ ತೆಗೆಸಿದ್ದಾರೆ. ಅವರಮ್ಮ ನೀಮಾ ಮತ್ತು ಊರಿನ ಹೆಂಗಸರು ಕೈಯಲ್ಲೇ ಸುಲಿದ ಶೇಂಗಾ, ಒಂದು ಕಂಟೇನರ್, ಇಲ್ಲಿಗೆ, ಡಬ್ಲಿನ್‌ಗೆ ಹೊರಡಲಿದೆ.

"ಪ್ಯಾಕೆಟ್ ಮೇಲೆ ನಮ್ಮೂರ ಹೆಸರು ಬರುತ್ತೆ, ಸಿಸ್ಟರ್."

ನಮ್ಮ ಚಳ್ಳಕೆರೆಯೂ ಶೇಂಗಾ ಊರೇ ಅಂದೆ. ಮಂಡಿ, ಎಣ್ಣೆ ಗಿರಣಿ, ಬೀದಿ ತುಂಬ ಹಿಂಡಿ ವಾಸನೆ. ತುಂಬ ಹೊತ್ತು ಮಾತಾಡಿದೆವು. ಮೆಣಸಿನಕಾಯಿ ಮರೆತೇ ಬಂದೆ. ಗುರುದತ್ ಮತ್ತೆ ಇಳಿದು ಹೋಗಿ ತಂದ. ಗಂಡ ಅಂದಮೇಲೆ ಅಷ್ಟಾದರೂ ಬೇಡವೇ.

ಫೆಬ್ರವರಿ 22

ನೀಮಾ ಅವರಿಗೆ ಹುಷಾರಿಲ್ಲ. ಊಟ ಸೇರುತ್ತಿಲ್ಲ, ಹೊಟ್ಟೆ ಊದಿದೆ. ದೊಡ್ಡಾಸ್ಪತ್ರೆ ದೂರ. ಶೇಂಗಾ ಹಡಗು ಹತ್ತಿದ ಮೇಲೇ ಹೋಗುವುದು ಎಂದು ಹಟ ಹಿಡಿದಿದ್ದರಂತೆ. ಈಗ ಹತ್ತಿದೆ. "ಎಲ್ಲಾ ಗ್ರ್ಯಾಂಡ್ ಆಗುತ್ತೆ," ಅಂದರು ಉಸ್ಮಾನ್, ಇಲ್ಲಿಯವರ ಧಾಟಿಯಲ್ಲಿ. ಮುಖ ಹಾಗಿರಲಿಲ್ಲ.

ಮಾರ್ಚ್ 12, ಗುರುವಾರ

ಬಂದರಿನಿಂದ ನಮ್ಮ ಆಹಾರ ಪರೀಕ್ಷೆಯ ಲ್ಯಾಬ್‌ಗೆ ಶೇಂಗಾದ ಒಂದು ಸ್ಯಾಂಪಲ್. ಹೆಸರಿಲ್ಲ, ಬರೀ ನಂಬರ್. ಬೂಷ್ಟಿನ ವಿಷ ಇದೆಯೇ ನೋಡುವುದು — ಅಫ್ಲಟಾಕ್ಸಿನ್. ಕಣ್ಣಿಗೆ ಕಾಣುವುದಿಲ್ಲ, ಹುರಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ತಿಂದರೆ ಲಿವರ್ ತಿನ್ನುತ್ತದೆ. ಇಲ್ಲಿನ ಮಿತಿ ಕೇಜಿಗೆ ನಾಲ್ಕು ಮೈಕ್ರೋಗ್ರಾಂ. ಬಂದದ್ದು ಮೂವತ್ತರ ಮೇಲೆ.

ಯಾವ ದೇಶದ್ದೆಂದು ಆಮೇಲೆ ನೋಡಿದೆ. ಗ್ಯಾಂಬಿಯಾ.

ಮ್ಯಾನೇಜರ್ ಮೆಲ್ವಿನ್ ಅವರಿಗೆ ಹೇಳಿದೆ — ಗೊತ್ತಿರುವವರ ಮಾಲು ಅನ್ನಿಸುತ್ತದೆ ಅಂತ.

"ಹಾಗಾದ್ರೆ ನೀವು ಮುಟ್ಬೇಡಿ ವಂದನಾ. ಶೆರಿನ್ ಕೈಲಿ ಇನ್ನೊಂದ್ಸಲ ಮಾಡಿಸ್ತೀನಿ. ಮಾಲಿನವರಿಗೆ ಮಾತ್ರ ಏನೂ ಹೇಳೋ ಹಾಗಿಲ್ಲ."

ಮಾರ್ಚ್ 13

ಶೆರಿನ್‌ಗೂ ಅಷ್ಟೇ ಬಂತು. ಅಂಗಡಿ ಮುಂದೆ ಹಾಯಲಾಗದೆ ಹಿಂದಿನ ಗೇಟಿನಿಂದ ಮನೆಗೆ ಬಂದೆ.

ಮಾರ್ಚ್ 21, ಶನಿವಾರ

ಮಾಲು ಒಳಗೆ ಬಿಡುವುದಿಲ್ಲ, ನಾಶ ಮಾಡುತ್ತಾರೆ ಎಂದು ಉಸ್ಮಾನ್ ಅವರಿಗೆ ತಿಳಿದಿದೆ. ಮನೆಗೆ ಬಂದರು. ಮೊದಲ ಸಲ.

"ನಿಮ್ಮ ಲ್ಯಾಬಾ?"

"ಹೌದು. ಮೊದಲು ನೋಡಿದ್ದು ನಾನೇ."

ತಲೆ ಆಡಿಸಿದರು. ಸಿಟ್ಟು ಮಾಡಿಕೊಂಡಿದ್ದರೆ ಸುಲಭವಾಗುತ್ತಿತ್ತು.

ಕಿತ್ತ ಮೇಲೆ ಎಲ್ಲಿ ಇಟ್ಟಿದ್ದಿರಿ ಅಂತ ಕೇಳಿದೆ. ಗೋದಾಮಿನಲ್ಲೇ. ನವೆಂಬರ್‌ನಲ್ಲಿ ಅಕಾಲ ಮಳೆ, ತಗಡು ಸೋರಿತ್ತು. ಮನೆಮನೆಯಲ್ಲಿ ಇಡೋಣ ಅಂದಿದ್ದರಂತೆ ಹೆಂಗಸರು.

"ಗೋದಾಮೇ ಬೇಕು ಅಂದೋನು ನಾನು. ತಾತನ ಜಾಗ ಅಂತ. ನಮ್ಮಲ್ಲಿ ಒಳ್ಳೇ ಕಾಳು ಮಾರಾಟಕ್ಕೆ. ಒಡೆದಿದ್ದು, ಮುರುಟಿದ್ದು ಮನೆಗೆ. ದಿನಾ ಸಾರಿಗೆ ಅದೇ. ಇಲ್ಲಿ ಸುಡೋದು ಒಳ್ಳೇ ಕಾಳು, ಸಿಸ್ಟರ್. ಮತ್ತೆ ಅಮ್ಮ ತಿಂದಿದ್ದು..."

ನನಗೂ ಅದೇ ಯೋಚನೆ ಇತ್ತು, ಮಾರ್ಚ್ ಹನ್ನೆರಡರಿಂದ. ಗುರುದತ್ ಚಹಾ ತಂದಿಟ್ಟ. ಕುಡಿದು, ಬೇಡವೆಂದರೂ ಲೋಟ ತಾವೇ ತೊಳೆದಿಟ್ಟು ಹೋದರು.

ಏಪ್ರಿಲ್ 5, ಈಸ್ಟರ್

ಅಂಗಡಿ ಮುಚ್ಚಿದೆ. ಊರಿಗೆ ಹೋದರಂತೆ. ಹೇಳಿ ಹೋಗಲಿಲ್ಲ.

ಏಪ್ರಿಲ್ 19

ವಾಟ್ಸಾಪ್‌ನಲ್ಲಿ ಅವರ ಧ್ವನಿ. ಹಿಂದೆ ಕೋಳಿ, ಮಕ್ಕಳ ಗಲಾಟೆ. ಅಮ್ಮನಿಗೆ ಲಿವರ್ ಕ್ಯಾನ್ಸರ್. ಕಣ್ಣು ಅರಿಶಿನ. ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟಿದ್ದಾರೆ ಆಸ್ಪತ್ರೆಯವರು. "ಯಾತರಿಂದ ಅಂದ್ರೆ ಡಾಕ್ಟರ್ ಹೇಳಲ್ಲ. ನೀನು ಹೇಳು."

ಬರೆದೆ, ಅಳಿಸಿದೆ. ಲಿವರ್ ಕ್ಯಾನ್ಸರ್ ಹೆಪಟೈಟಿಸ್ ವೈರಸ್‌ನಿಂದಲೂ ಬರುತ್ತದೆ, ಅದೂ ಬೂಷ್ಟಿನ ವಿಷವೂ ಸೇರಿಯೂ ಬರುತ್ತದೆ, ಒಬ್ಬರಿಗೆ ಇಂಥದ್ದರಿಂದಲೇ ಎಂದು ಹೇಳಲಾಗದು... ಎಲ್ಲ ನಿಜ. ಆದರೂ ತಪ್ಪಿಸಿಕೊಳ್ಳುವ ಮಾತಿನಂತೆ ಕಂಡಿತು.

"ಗೊತ್ತಿಲ್ಲ ಅನ್ನೋದೂ ನಿಜಾನೇ ಅಲ್ವೇನೇ," ಅಂದ ಗುರುದತ್.

ಅಷ್ಟನ್ನೇ ಕಳಿಸಿದೆ. ಗೊತ್ತಿಲ್ಲ ಅಂತ. ಅವರು ಓದಿದರು.

ಏಪ್ರಿಲ್ 30

ನೀಮಾ ತೀರಿಕೊಂಡರು. ನದಿ ಕಾಣುವ ಕಡೆ ಮಣ್ಣು ಮಾಡಿದರಂತೆ. ಅವರನ್ನು ನಾನು ನೋಡಿದ್ದೇ ಇಲ್ಲ. ಲ್ಯಾಬ್‌ನ ಟಾಯ್ಲೆಟ್‌ನಲ್ಲಿ ಕೂತು ಅತ್ತೆ.

ಮೇ 17, ಭಾನುವಾರ

ಬೆಳಿಗ್ಗೆ ಉಸ್ಮಾನ್ ವಿಡಿಯೋ ಕಾಲ್. ಸೊರಗಿದ್ದಾರೆ. ಮಳೆಗೆ ಮುಂಚೆ ಮನೆಯ ಕಾಳು ಆರಿಸುತ್ತಿದ್ದಾರಂತೆ, ಯಾವುದು ಇಟ್ಟುಕೊಳ್ಳುವುದು, ಯಾವುದು ಬೇಡ. "ನೀನು ತೋರಿಸಿಕೊಡು," ಅಂದರು.

ಮೊರ ಹಿಡಿದು ನಾಲ್ಕೈದು ಹೆಂಗಸರು ನೆಲದ ಮೇಲೆ. ವಿಷ ಕಣ್ಣಿಗೆ ಕಾಣದು, ಆದರೆ ಮುರುಟಿದ್ದು, ಕಪ್ಪಾಗಿದ್ದು, ಒಡೆದಿದ್ದು ತೆಗೆದರೆ ಬಹಳಷ್ಟು ಹೋಗುತ್ತದೆ ಅಂದೆ. ಉಸ್ಮಾನ್ ಅದನ್ನು ಹೆಂಗಸರಿಗೆ ತಮ್ಮ ಭಾಷೆಯಲ್ಲಿ ಹೇಳಿದರು. ಒಂದೊಂದೇ ಕಾಳು ಕ್ಯಾಮೆರಾಗೆ ಹಿಡಿದರು. ಇದು? ಬೇಡ. ಇದು? ಬೇಡ. ಇದು ಇರಲಿ. ಬೇಡದ ಗುಡ್ಡೆಯೇ ದೊಡ್ಡದಾಗುತ್ತಾ ಹೋಯಿತು.

ಒಬ್ಬ ಹೆಂಗಸು ಕೈ ನಿಲ್ಲಿಸಿದಳು. ನೀಮಾ ಅವರ ತಂಗಿಯಂತೆ. ಗುಡ್ಡೆ ನೋಡಿ, ನನ್ನ ಕಡೆ ನೋಡಿ, ಮೆಲ್ಲಗೆ ಏನೋ ಕೇಳಿದಳು. ಏನಂತೆ ಅಂತ ಉಸ್ಮಾನ್ ಅವರನ್ನು ಕೇಳಿದೆ.

"ಹೊಸ ಬೆಳೆ ಬರೋದು ಅಕ್ಟೋಬರ್‌ಗೆ. ಇದೆಲ್ಲ ಎಸೆದ್ರೆ ಅಲ್ಲೀತನಕ ಮಕ್ಕಳಿಗೆ ಏನು ಹಾಕೋದು ಅಂತ ಕೇಳ್ತಿದಾಳೆ."

ಎಲ್ಲರೂ ಫೋನಿನ ಕಡೆ ನೋಡುತ್ತಾ ಕಾದರು. ನಾನು ಈ ಸಲವೂ ಅದನ್ನೇ ಹೇಳಿದೆ, ಗೊತ್ತಿಲ್ಲ ಅಂತ.