ಕತ್ತರಿಸಿದ ಕೀಬೋರ್ಡ್

ಮಾರ್ಚ್ ೧೪, ಶುಕ್ರವಾರ

ಅಪ್ಪನಿಗೆ ನಮಸ್ಕಾರ.

ನೀವು ಫೋನ್ ಮಾಡಿದಾಗ ಎತ್ತಲಿಲ್ಲ, ಕಾಗದವೂ ತಡವಾಯಿತು. ಕೆಲಸವಿತ್ತು ಅಂತ ಸುಳ್ಳು ಹೇಳುವುದಿಲ್ಲ. ಬಾಯಿ ಬಿಟ್ಟರೆ ಏನು ಬರುತ್ತದೋ ಅಂತ ಹೆದರಿಕೆಯಿತ್ತು. ಇಲ್ಲಿ ಎಲ್ಲರೂ ಕ್ಷೇಮ. ಮಗುವಿನ ಕೆಮ್ಮು ವಾಸಿಯಾಗಿದೆ. ಆಸ್ಪತ್ರೆಯಲ್ಲಿ ಎದೆಬಡಿತ ತೋರಿಸುವ ಯಂತ್ರಗಳು ಒಂದರ ಹಿಂದೊಂದು ನನ್ನ ಮೇಜಿಗೆ ರಿಪೇರಿಗೆ ಬರುತ್ತಿವೆ.

ಭಾನುವಾರ ನೀವು ವಾಕಿಂಗ್ ಹೋಗಿದ್ದಾಗ ಮನೆಗೆ ಬಂದಿದ್ದೆ. ನಾನು ಮಾಡಿಕೊಟ್ಟ ಕೀಬೋರ್ಡ್ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಬಿದ್ದಿತ್ತು. ವೈರುಗಳನ್ನು ಕತ್ತರಿಸಿ ಹಾಕಲಾಗಿತ್ತು.

ಅದು ಬೇಕು ಅಂದವರು ಯಾರಪ್ಪ? ಹರೆಯದಲ್ಲಿ ನೀವೇ ಬಿಡಿಭಾಗ ತರಿಸಿ ಜೋಡಿಸಿದ ಆ ಪುಟ್ಟ ಕಂಪ್ಯೂಟರಿಗೆ ಕ್ಯಾಲ್ಕುಲೇಟರಿನಂಥ ಸಣ್ಣ ಗುಂಡಿಗಳಷ್ಟೇ ಇದ್ದವು. "ಕಣ್ಣು ಮಂಜಾಗಿದೆ, ಬೆರಳು ನಡುಗುತ್ತೆ. ದೊಡ್ಡ ಗುಂಡಿ, ಪೂರ್ತಿ ಅಕ್ಷರ ಇದ್ದಿದ್ರೆ ಮತ್ತೆ ಅದರ ಮುಂದೆ ಕೂರ್ತಿದ್ದೆ ಕಣಮ್ಮ" ಅಂದಿರಿ. ಹೋದ ಬೇಸಿಗೆಯಲ್ಲಿ ನನಗೆ ಸಿಕ್ಕ ರಜೆಯನ್ನೆಲ್ಲ ಅದಕ್ಕೇ ಸುರಿದೆ. ಗುಂಡಿ ಒಮ್ಮೆ ಒತ್ತಿದರೆ ಅಕ್ಷರ ಎರಡೆರಡು ಸಲ ಬೀಳುತ್ತಿತ್ತು. ಅದು ಯಾಕೆ ಅಂತ ಹುಡುಕಿ ಸರಿಪಡಿಸುವಷ್ಟರಲ್ಲಿ ತಲೆ ಕೆಟ್ಟು ಗೊಬ್ಬರವಾಗಿತ್ತು. ಕೊನೆಗೆ ಹಳೇ ಟೀವಿಯ ಮೇಲೆ ಅಕ್ಷರ ಮೂಡಿದಾಗ ನೀವು ಊಟಕ್ಕೂ ಏಳಲಿಲ್ಲ.

ಈಗ ಹಳೇ ಕಂಪ್ಯೂಟರ್ ಹವ್ಯಾಸಿಗಳ ಪ್ರದರ್ಶನವಂತೆ. ನಿಮ್ಮ ಗೆಳೆಯ ರೇಡಿಯೋ ಮಾಮ ಬಂದು, "ಅಸಲು ರೂಪ ಕೆಟ್ಟೋಗಿದೆ, ಹೀಗಿದ್ರೆ ಪ್ರದರ್ಶನಕ್ಕೆ ಯಾರೂ ತಗೊಳಲ್ಲ" ಅಂದರಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನೀವು. ಕತ್ತರಿಸಿದ್ದು ಮಾಮನಾದರೂ ಇಕ್ಕಳ ನೀವೇ ತಂದುಕೊಟ್ಟಿರಂತೆ. ಇದೆಲ್ಲ ಅಮ್ಮ ಹೇಳಿದ್ದು, ಅವಳ ಮೇಲೆ ರೇಗಬೇಡಿ.

ನಿಮ್ಮ ಬೋರ್ಡಿಗೆ ನಾನು ಒಂದು ತೂತನ್ನೂ ಕೊರೆದಿರಲಿಲ್ಲ. ಅಂಚಿನಲ್ಲಿ ಖಾಲಿಯಿದ್ದ ಕನೆಕ್ಟರಿಗೆ ಸಿಕ್ಕಿಸಿದ್ದೆ ಅಷ್ಟೇ. ಎಳೆದಿದ್ದರೆ ಬರುತ್ತಿತ್ತು. ಹಾಕುವಾಗಲೇ ತೋರಿಸಿಕೊಟ್ಟಿದ್ದೆ, ನೀವು ತಲೆಯಾಡಿಸಿದ್ದಿರಿ. ಬಿಚ್ಚಬಹುದಾದದ್ದನ್ನು ಕತ್ತರಿಸುವುದಕ್ಕೆ ಏನನ್ನುತ್ತಾರೆ ಅಂತ ಮಾಮನನ್ನೇ ಕೇಳಿ, ಅವರು ದೊಡ್ಡವರು.

ಕೀಬೋರ್ಡನ್ನು ತಂದುಬಿಟ್ಟೆ. ವೈರುಗಳನ್ನು ಮತ್ತೆ ಬೆಸೆದಿದ್ದೇನೆ, ಆದರೆ ನಿಮಗೆ ಕೊಡುವುದಿಲ್ಲ. ನಿಮ್ಮ ಯಂತ್ರ ನಿಮ್ಮದು, ಪ್ರದರ್ಶನದಲ್ಲಿಡಿ, ಎಲ್ಲರೂ ಹೊಗಳಲಿ. ನೋಡಲು ನಾನು ಬರುವುದಿಲ್ಲ. ಕಣ್ಣಿನ ಆಪರೇಷನ್ನಿಗೆ ಮಾತ್ರ ಬರುತ್ತೇನೆ, ರಜೆ ಹಾಕಿದ್ದೇನೆ. ನಾನು ಬರುವ ಮೊದಲೇ ಮಾಮನ ಸ್ಕೂಟರ್ ಹತ್ತಿ ಆಸ್ಪತ್ರೆಗೆ ಹೊರಟುಬಿಡಬೇಡಿ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಅಮ್ಮನಿಗೆ ಮಂಡಿನೋವಿನ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೊಳ್ಳಲು ನೆನಪಿಸಿ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಸಿಟ್ಟಿದ್ದರೂ ನಿಮ್ಮವಳೇ ಆದ,
ಮಗಳು

ಮ.ವಿ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. "ಯಾರೋ ಮಾರಾಯ ಇದನ್ನ ಮಾಡಿದ್ದು?" ಅಂತ ಮಾಮ ಕೇಳಿದಾಗ ನೀವು, "ಯಾವನೋ ಅಂಗಡಿಯವನ ಕೈಗೆ ಕೊಟ್ಟಿದ್ದೆ, ಹಾಳು ಮಾಡಿಬಿಟ್ಟ" ಅಂದಿರಂತೆ. ಅಮ್ಮ ಅಡುಗೆಮನೆಯಿಂದ ಕೇಳಿಸಿಕೊಂಡಳು. ಅಪ್ಪ, ಮಗಳು ಹಾಳು ಮಾಡಿದಳು ಅಂತಾದರೂ ಹೇಳಬಹುದಿತ್ತಲ್ಲ.