ಕಪ್ಪಾಗದ ಸೀಸೆ

ತಮ್ಮನಿಗೆ ಅಕ್ಕ ಬರೆಯುವುದು,

ಕಾಲಿನ ಮೂಳೆ ಕೂಡಿದೆ. ಕೋಲು ಹಿಡಿದು ಓಡಾಡುತ್ತಿದ್ದೇನೆ.

ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದವಳು ನಿನ್ನೆ ಬೀರು ತೆಗೆದೆ. ಅಪ್ಪ ಕೂಡಿಸಿದ, ಆಮೇಲೆ ನಾನೂ ಹುಡುಕಿ ಹುಡುಕಿ ಸೇರಿಸಿದ ಹಳೆಯ ಬೆಳ್ಳಿ ಸೀಸೆಗಳೆಲ್ಲ ಒರೆಸುವವರಿಲ್ಲದೆ ಕಪ್ಪಾಗಿದ್ದವು. ಅಪ್ಪ ಕೋಟಿನ ಜೇಬಿನಲ್ಲಿ ಮದ್ಯ ತುಂಬಿ ಇಟ್ಟುಕೊಳ್ಳುತ್ತಿದ್ದ ಸೀಸೆ ಮಾತ್ರ ಮದುಮಗನ ಹಾಗೆ ಹೊಳೆಯುತ್ತಿತ್ತು. ಒರೆಸದೆ ಹೊಳೆಯುವುದು ಬೆಳ್ಳಿಯಲ್ಲಪ್ಪ, ತಗಡು.

“ಹನಿ ಕುಡಿಯದವಳಿಗೆ ಸೀಸೆಗಳ ಚಿಂತೆ ಯಾಕಕ್ಕ? ನೀನು ಮಲಗು, ಬೀರು ನಾನು ನೋಡ್ಕೋತೀನಿ” ಎಂದು ಆಸ್ಪತ್ರೆಯಲ್ಲಿ ನಗಿಸಿ ಬೀಗದ ಕೈ ಇಸಿದುಕೊಂಡವನು ನೀನು. ಅದು ಇನ್ನೊಬ್ಬರ ಕೈಗೆ ಹೋಗಿಲ್ಲ.

ಆಕಾರ ಸರಿಯಾಗಿದೆ, ಮುಚ್ಚಳವೂ ಅಂಥದ್ದೇ. ಹುಡುಕಲು ಕಷ್ಟಪಟ್ಟಿರಬೇಕು. ಆದರೆ ತಳದಲ್ಲಿ ನೆಗ್ಗು ಇಲ್ಲ. ಏಳು ವರ್ಷದವನಿದ್ದಾಗ ನೀನು ಅದನ್ನು ಮೆಟ್ಟಿಲ ಮೇಲೆ ಬೀಳಿಸಿದ್ದೆ. ನಾನೇ ಬೀಳಿಸಿದೆ ಎಂದು ಹೇಳಿ ಅಪ್ಪನಿಂದ ಏಟು ತಿಂದವಳು ನಾನು. ಸಾಯುವವರೆಗೂ ಅವರು ಆ ಸೀಸೆಯನ್ನು ನನ್ನ ಕೈಗೆ ಕೊಡಲಿಲ್ಲ.

ಬೇಕೆಂದು ಕೇಳಿದ್ದರೆ ನಾನು ಕೊಟ್ಟುಬಿಡುತ್ತಿದ್ದೆ. ಆ ನೆಗ್ಗು ನಿನಗೆ ನೆನಪೇ ಇರಲಿಲ್ಲವಲ್ಲ.

ನಿನ್ನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಇದರ ಜೊತೆ ಕಳಿಸಿದ್ದೇನೆ. ಬೀರುವಿನ ಬೀಗದ ಕೈ ಕೊಟ್ಟಿದ್ದೀ. ಮುಂಬಾಗಿಲಿನದೊಂದು ನಿನ್ನ ಹತ್ತಿರ ಉಳಿದಿದೆ. ಪತ್ರ ತಂದವರ ಕೈಯಲ್ಲಿ ಅದನ್ನು ಕಳಿಸು. ಇನ್ನು ಬರುವುದಿದ್ದರೆ ಬೇರೆಯವರ ಹಾಗೆ ಬಾಗಿಲು ತಟ್ಟು.

ಇಷ್ಟೇ,
ಅಕ್ಕ